ಎರಡು ಮಾರ್ಕಿನ ಗಾದಿ

ಕಪ್ಪತಗುಡ್ಡದ ಬುಡದ ಡೋಣಿ ಊರಲ್ಲಿ ಗಾದಿ ಹೊಲಿಯುವ ಮಲಂಗಸಾಬನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಎಂಬತ್ತಾರನೇ ಇಸವಿಯಲ್ಲಿ ಟಿವಿ ತಂದ ಮೇಲೆ ರವಿವಾರದ ಇಂಗ್ಲಿಷ್ ಪ್ರಶ್ನೋತ್ತರದ ಆಟವನ್ನು ಒಂದು ದಿನವೂ ತಪ್ಪಿಸಲಿಲ್ಲ. ಪ್ರಶ್ನೆ ಏನು, ಉತ್ತರ ಏನು, ದೇವರಿಗೇ ಗೊತ್ತು. ಅವನು ಮರುಳಾದದ್ದು ಕಾಯ್ದೆಗೆ. ಸರದಿಯವರು ಹೇಳಿದರೆ ಎರಡು ಮಾರ್ಕು. ಗಂಟೆ ಹೊಡೆಯಿತೋ, ಪ್ರಶ್ನೆ ಎದುರಿನವರಿಗೆ ಪಾಸು, ಅವರಿಗೆ ಒಂದೇ. ಸಾಹುಕಾರನಿಗೂ ಅಷ್ಟೇ ಹೊತ್ತು, ಕೂಲಿಯವನಿಗೂ ಅಷ್ಟೇ ಹೊತ್ತು. ಇಂಥ ನ್ಯಾಯವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ಉಪ್ಪು ತಂದ್ರೇನು?" ಎಂದು ಹೆಂಡತಿ ಖೈರುನಬಿ ಕೇಳಿದರೂ "ಪಾಸ್" ಅನ್ನುತ್ತಿದ್ದ.

"ಹಂಗಾರ ನಿಮ್ಮ ರೊಟ್ಟೀನೂ ಬಾಜೂ ಮನಿಗೆ ಪಾಸ್ ರಿ."

ಟಿವಿ ಇದ್ದದ್ದು ಅವನ ಅಂಗಡಿಯಲ್ಲಿ. ಹೊಸ ಗಾದಿಗಳ ಮೇಲೆ ಗಂಡಸರು ಕಾಲು ಚಾಚಿ ಬೀಳುತ್ತಿದ್ದರು. ಹೆಂಗಸರು ಹೊರಗೆ ಬಿಸಿಲಲ್ಲಿ ಕಿಟಕಿಗೆ ಮೂಗು ಹಚ್ಚಿ ನಿಲ್ಲಬೇಕು. ಒಂದು ರವಿವಾರ ರಾಮವ್ವ ಅಲ್ಲಿಂದಲೇ ಕೇಳಿದಳು: "ಸಾಬಣ್ಣಾ, ನಮಗೇನು ಸೊಂಟ ಇಲ್ಲೇನು?"

"ಆಟ ಆಡ್ರಿ. ಗೆದ್ದವರಿಗೆ ಗಾದಿ," ಎಂದ ಮಲಂಗಸಾಬ.

ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡ ಪುಂಡಲೀಕಪ್ಪ. ಗಂಡಸರ ಮುಖಂಡ ಅವನೇ ಆದ, ಹೆಂಗಸರಿಗೆ ರಾಮವ್ವ. ಉತ್ತರ ಮುಖಂಡರ ಬಾಯಿಂದಲೇ ಬರಬೇಕು ಎಂದು ಮಲಂಗಸಾಬ ಕಾಯ್ದೆ ಹಾಕಿದ.

ಸಾಲಿ ಮಾಸ್ತರರು ಪ್ರಶ್ನೆ ಬರೆದುಕೊಟ್ಟ ಚೀಟಿಗಳು ಬುಟ್ಟಿಯಲ್ಲಿ, ಟೈಂಪೀಸು ಎದುರಿಗೆ, ಎತ್ತಿನ ಗಂಟೆ ಮಲಂಗಸಾಬನ ಕೈಯಲ್ಲಿ. ಆಟ ಎಂಟಕ್ಕೆ ಎಂಟು ಬಂದು ನಿಂತಿತು. ಉಳಿದದ್ದು ಒಂದೇ ಚೀಟಿ, ಸರದಿ ಹೆಂಗಸರದು.

"ವಿಠ್ಠಲನ್ನ ಇಟ್ಟಂಗಿ ಮ್ಯಾಲ ನಿಲ್ಲಿಸಿದ ಭಕ್ತ ಯಾರು?"

ಓದಿ ಮುಗಿಸುವಷ್ಟರಲ್ಲಿ ಮಲಂಗಸಾಬ ಬೆವೆತ. ಎರಡು ಸಲ ಪಂಢರಪುರಕ್ಕೆ ಹೋಗಿಬಂದ ರಾಮವ್ವನಿಗೆ ಪುಂಡಲೀಕ ಗೊತ್ತಿಲ್ಲದೆ ಏನು? ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆ ಊರಲ್ಲಿ ಹುಟ್ಟಿರಲಿಲ್ಲ.

"ಬ್ಯಾರೆ ಪ್ರಶ್ನಿ ಕೇಳ್ರಿ," ಎಂದಳು ಪಕ್ಕದಲ್ಲಿದ್ದ ಸಾವಕ್ಕ.

"ಕಾಯ್ದೆ ಕಾಯ್ದೇನ ಬೇ," ಎಂದ ಮಲಂಗಸಾಬ.

ಪುಂಡಲೀಕಪ್ಪ ಗಾದಿಗೆ ಇನ್ನಷ್ಟು ಒರಗಿ ಮೀಸೆ ತೀಡಿದ. "ಪಾಸ್ ಮಾಡು. ನನ್ನ ಹೆಸರು ನಾನಽ ಹೇಳಿಕೋತೀನಿ."

ಹತ್ತು ಸೆಕೆಂಡು ಉಳಿದಿತ್ತು. ರಾಮವ್ವ ಸೆರಗು ಬಿಗಿದು ಎದ್ದಳು. ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳು ಎಂದು ಕಾಡಿದಾಗ ಹೇಳುವಂತೆ ಹೆಸರನ್ನು ಪದದೊಳಗೆ ಹೆಣೆದು ಒಡಪು ಎತ್ತಿದಳು:

"ಕಪ್ಪತಗುಡ್ಡದ ಗಾಳಿ ಎಷ್ಟು ತಂಪು,
ಕಿಟಕ್ಯಾಗ ನಿಂತು ನಮ್ಮ ಮಾರಿ ಕೆಂಪು,
ಪುಂಡಲೀಕಪ್ಪನೋರು ಗಾದಿ ಬಿಟ್ಟು ಏಳಲಿ,
ಕುಂಡ್ರಾಕ ಬಂತು ನಮ್ಮ ಗುಂಪು."

ಆಮೇಲೆ ಗಂಟೆ ಹೊಡೆಯಿತು.

"ಹಾಡಿದ್ರ ನಡೆಯೂದಿಲ್ಲ," ಎಂದು ಪುಂಡಲೀಕಪ್ಪ ತಕರಾರು ತೆಗೆದ.

"ಗಂಟಿಗಿಂತ ಮೊದಲ ಹೇಳಬೇಕು, ಅಷ್ಟಽ ಐತಿ. ಹಾಡಬಾರದು ಅಂತ ದಿಲ್ಲಿ ಟಿವಿಯವರೂ ಅಂದಿಲ್ಲ. ಎರಡು ಮಾರ್ಕು. ಏಳಪಾ," ಎಂದ ಮಲಂಗಸಾಬ.

ಮುಂದಿನ ರವಿವಾರ ಕಿಟಕಿಗೆ ಮೂಗು ಹಚ್ಚಿದವರು ಗಂಡಸರು. ಅಂಗಡಿ ತನ್ನದಾದರೂ ಕಾಯ್ದೆಯ ಪ್ರಕಾರ ಮಲಂಗಸಾಬನೂ ಅಲ್ಲೇ ನಿಂತಿದ್ದ.

"ಮತ್ತ ಆಟ ಯಾವಾಗ ಇಡ್ತಿ, ಸಾಬಣ್ಣಾ?" ಎಂದು ಪುಂಡಲೀಕಪ್ಪ ಬೆವರು ಒರೆಸಿಕೊಂಡ.

ಮಲಂಗಸಾಬ ಬಾಯಿ ತೆರೆಯುವ ಮೊದಲೇ ಒಳಗೆ ಗಾದಿಯ ಮೇಲೆ ಒರಗಿದ್ದ ಖೈರುನಬಿ ಹೇಳಿದಳು: "ಪಾಸ್."