ಕೆಂಪು ಬಲ್ಬಿನ ಕೆಳಗೆ ಅಕ್ಕನ ಸಿನಿಮಾ

"ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನು ನಗೋದು ಸಾಕಾಗಿದೆ. ಇನ್ನು ಸಿನಿಮಾಕ್ಕೆ ಬರಲ್ಲ," ಅಂದಳು ಅಕ್ಕ. ಐವತ್ತರ ದಶಕದ ಮಾತು. ಟೈಫಾಯ್ಡ್‌ನಲ್ಲಿ ಅವಳ ಕಿವಿ ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ನಮ್ಮ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ತೆರೆಯ ಮೇಲಿನವರು ಅವಳ ಕಡೆಗೇ ತಿರುಗಿ ಮಾತಾಡಬೇಕಲ್ಲ! ಮೊದಲೆಲ್ಲ, ಆಗ ನಾವಿದ್ದ ತಮಿಳು ಊರು ತಾಂಬರಂನ ಟಾಕೀಸಿಗೆ ನನ್ನನ್ನು ದರದರ ಎಳೆದೊಯ್ಯುತ್ತಿದ್ದವಳೇ ಅವಳು. ನನಗೆ ರೇಗಿತು. ಹೇಗೆ ಬರಲ್ಲವೋ ನೋಡೇ ಬಿಡೋಣ ಅಂದುಕೊಂಡೆ.

ಹದಿನಾಲ್ಕರ ಹುಡುಗಿ ನಾನು. ಒಂದೇ ತಮಿಳು ಚಿತ್ರವನ್ನು ಮೂರು ಸಲ ನೋಡಿ, ಮಾತುಗಳನ್ನೆಲ್ಲ ಬಾಯಿಪಾಠ ಮಾಡಿ, ನೋಟುಬುಕ್ಕಿನಲ್ಲಿ ಕನ್ನಡಕ್ಕಿಳಿಸಿದೆ. ರೈಲ್ವೆ ಕಚೇರಿಯಲ್ಲಿದ್ದ ಅಪ್ಪನ ಪೆನ್ಸಿಲನ್ನು ಲಪಟಾಯಿಸಿದ್ದೆ. ಅದರ ಒಂದು ತುದಿ ಕೆಂಪು, ಇನ್ನೊಂದು ನೀಲಿ. ನಾಯಕನ ಮಾತು ನೀಲಿ, ನಾಯಕಿಯದು ಕೆಂಪು. ಎಂಥ ತಲೆ ನನ್ನದು ಅಂತ ಬೀಗಿದ್ದೇ ಬೀಗಿದ್ದು! ಅಕ್ಕ ಪುಟ ತಿರುವಿ, "ಇದೊಂದೇ ಸಲ. ಆಮೇಲೆ ಪೀಡಿಸಬಾರದು," ಅಂದಳು.

ಭಾನುವಾರದ ಮ್ಯಾಟಿನಿ. ಚಿತ್ರ ಶುರುವಾದದ್ದೇ ತಡ, ನೋಟುಬುಕ್ಕಿನ ಮೇಲೆ ಟಾರ್ಚು ಬಿಟ್ಟೆ. ಹಿಂದಿನಿಂದ ಒಂದೇ ಕೂಗಾಟ. ಸೀಟು ತೋರಿಸುವ ಮುದುಕ ಟಾರ್ಚು ಆರಿಸು ಅಂತ ಓಡಿಬಂದ. "ಯಾರಮ್ಮಾ ಅದು? ಲೈಟ್ ಅಣೈಮ್ಮಾ!"

ಅಕ್ಕನ ಕಿವಿ ತೋರಿಸಿ, "ಕಾದು ಕೇಕ್ಕಾದು, ತಾತಾ," ಇವಳಿಗೆ ಕಿವಿ ಕೇಳಿಸಲ್ಲ ಎಂದು ನೋಟುಬುಕ್ಕನ್ನು ಅವನ ಮೂಗಿಗೇ ಹಿಡಿದೆ. ಅವನು ಒಂದು ಗಳಿಗೆ ನೋಡಿದ. ಆಮೇಲೆ ತಾನು ಕೂರುವ ಬೆಂಚನ್ನೇ ಪಕ್ಕದ ಬಾಗಿಲ ಬಳಿ, ಕೆಂಪು ಬಲ್ಬಿನ ಕೆಳಗೆ ಎಳೆದು ಹಾಕಿದ. ನಾನು ಕುಣಿಯುವುದೊಂದು ಬಾಕಿ.

ಅಲ್ಲಿ ಕೂತು ಪುಟ ತೆರೆದರೆ ನಾಯಕಿಯ ಒಂದು ಮಾತೂ ಇಲ್ಲ! ಕೆಂಪು ಬೆಳಕಿನಲ್ಲಿ ಕೆಂಪು ಅಕ್ಷರಗಳೆಲ್ಲ ಮಾಯ. ಅಯ್ಯೋ, ನನ್ನ ಹಾಳು ಬುದ್ಧಿಯೇ! ಅಕ್ಕ ಪುಸ್ತಕ ಮುಚ್ಚಿದಳು. ಎದ್ದು ಹೊರಟೇಬಿಡುತ್ತಾಳೆ ಅಂದುಕೊಂಡೆ. ಅವಳು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಾಯಿಪಾಠ ಮಾಡಿದ್ದೀ ತಾನೇ? ತುಟಿ ಆಡಿಸು."

ಆಡಿಸಿದೆ. ದನಿಯಿಲ್ಲದೆ ಅತ್ತೆ, ಮುನಿದೆ, ಸೊಂಟದ ಮೇಲೆ ಕೈಯಿಟ್ಟು ಜಗಳವಾಡಿದೆ. ನಿಧಾನ ನನ್ನ ಜಾಯಮಾನದಲ್ಲೇ ಇಲ್ಲ. ಚಿತ್ರಕ್ಕಿಂತ ಮುಂದೆ ಓಡತೊಡಗಿದೆ. ನಾಯಕಿ ಅತ್ತೆಗೆ ಎದುರುತ್ತರ ಕೊಡುವ ಜಾಗ ಬಂತು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿ ಮುಗಿಸಿದ್ದೆ. ಅಕ್ಕ ಗೊಳ್ಳೆಂದು ನಕ್ಕಳು. ಇಡೀ ಟಾಕೀಸು ತಿರುಗಿ ನೋಡಿತು. ಆಮೇಲೆ ನಾಯಕಿ ಮಾತಾಡಿದಳು, ಆಮೇಲೆ ಅವರೆಲ್ಲ ನಕ್ಕರು.

ಅಕ್ಕ ಕಣ್ಣೊರೆಸಿಕೊಂಡು ಜೋರಾಗಿಯೇ ಅಂದಳು: "ಪಾಪ, ಅವರಿಗಿನ್ನೂ ಕೇಳಿಸಿರಲಿಲ್ಲ ಕಣೇ! ಮುಂದಿನ ವಾರ ಯಾವ ಸಿನಿಮಾ?"