ಮದಗದ ಕೆರೆಯಲ್ಲಿ ಇಬ್ಬರು ನೆಗೆಣ್ಣಿಯರು

ಮೊನ್ನೆ ಹೊಸ ರೇನ್‌ಕೋಟಿನ ಮಡಿಕೆ ಬಿಚ್ಚಿ ಕೊಡವಿದಾಗ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಅಡರಿತು. ಅಂಥ ವಾಸನೆಯಿಂದ ನಿಮಗೆ ಶಾಲೆಯ ಪಾಟಿಚೀಲ ನೆನಪಾಗಬಹುದು. ನನಗೆ ಮಾತ್ರ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ಗಲ್ಲದವರೆಗೆ ಹುದುಗಿ, ಸಿಕ್ಕಿಕೊಂಡ ಸೆರಗನ್ನು ಹೊರಗೆಳೆಯಲು ಒದ್ದಾಡುತ್ತಿದ್ದ ಅವ್ವ ಕಣ್ಣೆದುರು ಬಂದಳು.

ನಾನು ಹಿರೇಕೆರೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗಿನ ಮಾತು. ಅವ್ವನಿಗೂ, ಅಪ್ಪನ ತಮ್ಮನ ಹೆಂಡತಿಯಾದ ಚಿಗವ್ವನಿಗೂ ಮಾತು ನಿಂತಿತ್ತು. ಕಾರಣ ಶೇಂಗಾ ಹೋಳಿಗೆ. ಅವ್ವ ಮಾಡಿದ್ದನ್ನು ಚಿಗವ್ವ ಬೀಗರ ಮುಂದೆ ಮುರಿಯಲು ಹೋಗಿ, ಅದು ಗಟ್ಟಿಯಾಗಿ ಮುರಿಯದೆ, ಸುಮ್ಮನೆ ತಾಟಿನಲ್ಲಿಟ್ಟಿದ್ದಳು. ಬೈದಿದ್ದರೆ ಅವ್ವ ಕ್ಷಮಿಸುತ್ತಿದ್ದಳೇನೋ, ಸುಮ್ಮನಿದ್ದದ್ದನ್ನು ಕ್ಷಮಿಸಲಿಲ್ಲ. ಒಂದೇ ಅಡಿಗೆಮನೆಯಲ್ಲಿ ಎದುರುಬದುರು ಕೂತು, ಉಪ್ಪು ಬೇಕಾದರೂ ನನ್ನ ಮುಖಾಂತರವೇ ಕೇಳುತ್ತಿದ್ದರು. ನಾನು ಆ ಮನೆಯ ಟೆಲಿಫೋನಾಗಿದ್ದೆ. ಇಬ್ಬರಿಗೂ ನಾನಿಲ್ಲದೆ ನಡೆಯುವುದಿಲ್ಲ ಎಂಬ ಸಣ್ಣ ಜಂಬವೂ ನನಗಿತ್ತೆನ್ನಿ.

ಅಂಥದರಲ್ಲಿ ಮನೆಮಂದಿಯೆಲ್ಲ ರೊಟ್ಟಿಬುತ್ತಿ ಕಟ್ಟಿಕೊಂಡು ಮಾಸೂರಿನ ಮದಗದ ಕೆರೆಗೆ ಹೋದೆವು. ದಂಡೆಯ ಉದ್ಯಾನದಲ್ಲಿ ಜೋಕಾಲಿಯಿತ್ತು, ಅಡ್ಡಾಡಲು ನೆರಳಿನ ಹಾದಿಯಿತ್ತು, ಕಾಲಿಂದ ತುಳಿಯುವ ದೋಣಿಯೊಂದಿತ್ತು. ಅದನ್ನು ಹಂಸವೆಂದು ಮಾಡಿದ್ದರು. ಕುತ್ತಿಗೆ ಗಿಡ್ಡಾಗಿ ಕೋಳಿಯಂತೆ ಕಾಣುತ್ತಿತ್ತು. ದೋಣಿಯವನಿಗೆ ನಮ್ಮ ಮನೆಯ ರಾಜಕಾರಣ ಗೊತ್ತಿಲ್ಲ. ಅಕ್ಕತಂಗಿಯರೆಂದುಕೊಂಡು ಇಬ್ಬರಿಗೂ ಲೈಫ್ ಜಾಕೆಟ್ಟು ತೊಡಿಸಿ ಜೋಡಿಯಾಗಿ ಕೂರಿಸಿಬಿಟ್ಟ. ಒಲ್ಲೆ ಎಂದರೆ ಪರವೂರಿನವನಿಗೆ ಜಗಳದ ಕಥೆ ಹೇಳಬೇಕು. ಇಬ್ಬರೂ ಹಲ್ಲು ಕಚ್ಚಿ ಕೂತರು.

ದೋಣಿ ತಿರುಗಿಸುವ ಹಿಡಿಕೆ ಇಬ್ಬರ ನಡುವೆ ಒಂದೇ. ಅವ್ವ ಎಡಕ್ಕೆ ಎಳೆದರೆ ಚಿಗವ್ವ ಬಲಕ್ಕೆ. ಕೋಳಿ ನೀರಿನಲ್ಲಿ ಗಿರಗಿರ ಸುತ್ತತೊಡಗಿತು. ಆಗ ಅವ್ವ ದಂಡೆಯಲ್ಲಿದ್ದ ನನ್ನನ್ನು ಕೂಗಿದಳು.

“ಹಿಡಿಕಿ ಬಿಡು ಅಂತ ಆಕಿಗೆ ಹೇಳ.”

ಅವಳ ಮೊಣಕೈಗೆ ತಾಗಿಕೊಂಡೇ ಕೂತ ಚಿಗವ್ವನಿಗೆ ನಾನು ದಂಡೆಯಿಂದ ಕೂಗಿ ಹೇಳಿದೆ. ಉತ್ತರವೂ ನನಗೇ ಬಂತು: “ಮೊದಲ ಅವರ ಬಿಡಬೇಕಂತ ಹೇಳ.”

ಅದನ್ನೂ ಮುಟ್ಟಿಸಿದೆ. ದಂಡೆಯ ಜನ ಮೀನಿನ ಗಾಳ ಬಿಟ್ಟು ನಮ್ಮನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಗಾಳಿ ಎದ್ದು ದೋಣಿ ದೂರ ಸರಿಯಿತು. ನನ್ನ ದನಿ ಅವರಿಗೆ, ಅವರ ದನಿ ನನಗೆ ಕೇಳದಾಯಿತು. ಇಬ್ಬರಿಗೂ ಈಜು ಬಾರದು. ದೋಣಿಯವನು ಇನ್ನೊಂದು ದೋಣಿಯ ಹಗ್ಗ ಬಿಚ್ಚುತ್ತಿದ್ದಂತೆ ಸುತ್ತುವುದು ನಿಂತಿತು. ಹಂಸ ನೆಟ್ಟಗಾಗಿ, ನಿಧಾನವಾಗಿ ನಮ್ಮತ್ತ ಬಂತು. ಇಳಿದವರು ಇಬ್ಬರೂ ಸೇರಿ ನನ್ನನ್ನೇ ಬೈದರು, ಸರಿಯಾಗಿ ಕೂಗಲಿಲ್ಲವೆಂದು. ಅಂದೇ ನನ್ನ ಟೆಲಿಫೋನಿನ ನೌಕರಿ ಹೋಯಿತು.

ನಡುನೀರಿನಲ್ಲಿ ಅದೇನು ಮಾತಾಯಿತೋ! ಅತ್ತಿರಬೇಕು, ತಪ್ಪಾಯಿತೆಂದಿರಬೇಕು ಎಂದೆಲ್ಲ ಇಷ್ಟು ವರ್ಷ ಕಲ್ಪಿಸಿಕೊಂಡಿದ್ದೆ. ಈಗ ಶಿಗ್ಗಾಂವಿಯಲ್ಲಿರುವ ನಾನು ಮೊನ್ನೆ ತಡೆಯಲಾರದೆ ಅವ್ವನಿಗೆ ಫೋನು ಮಾಡಿ ಕೇಳಿಯೇಬಿಟ್ಟೆ.

“ಏನೂ ಇಲ್ಲ ಬಿಡವಾ,” ಎಂದಳು. “ಅಕ್ಕಾ, ಹಿಡಿಕಿ ನೀವ ಹಿಡೀರಿ, ನಾ ತುಳೀತೇನಿ ಅಂದ್ಲು. ನಾ ಹೂಂ ಅಂದೆ.”

ಅಷ್ಟೇ. ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಆಚೆಯಿಂದ ಚಿಗವ್ವ ಬಸ್ಸು ಬಂತೆಂದು ಕರೆದದ್ದು ಕೇಳಿತು. ಮಾಸೂರಿನ ಕೆರೆಗಂತೆ, ಇಬ್ಬರೇ. ಮುಂದಿನ ಸಲ ನಾನೂ ಬರಲೇ ಎಂದೆ.

“ಬ್ಯಾಡ,” ಎಂದಳು ಅವ್ವ. “ದೋಣ್ಯಾಗ ಇಬ್ಬರಿಗಷ್ಟ ಜಾಗ.”