ಊಟವಾದ ಮೇಲಿನ ಕಡಲು

ನೇವಿಯೊ ಲೈಫ್‌ಗಾರ್ಡ್ ಆಗಿ ಮೂರನೆಯ ಬೇಸಿಗೆ ಮುಗಿಸುತ್ತಿದ್ದ. ಈ ಮೂರು ಬೇಸಿಗೆಗಳಲ್ಲಿ ಅವನು ನೀರಿನಿಂದ ಮೇಲೆತ್ತಿದ್ದು ಹದಿನಾಲ್ಕು ಚೆಂಡು, ಗಾಳಿಗೆ ಹಾರಿದ ಎರಡು ಛತ್ರಿ, ಪಾದ್ರಿಯೊಬ್ಬರ ಕನ್ನಡಕ ಮತ್ತು ಒಂದು ಕಟ್ಟಿಸಿದ ಹಲ್ಲಿನ ಸೆಟ್ಟು. ಹಲ್ಲಿನ ಒಡೆಯ ಸೆಕೊಂದೊ, ಇದೇ ದಂಡೆಯಲ್ಲಿ ಮೂವತ್ತೆಂಟು ಬೇಸಿಗೆ ಲೈಫ್‌ಗಾರ್ಡ್ ಆಗಿದ್ದ ಮುದುಕ, ಅದನ್ನು ಉಪ್ಪುನೀರಿನಲ್ಲೇ ತೊಳೆದು ಬಾಯಿಗಿಟ್ಟುಕೊಂಡು ಹೇಳಿದ್ದ: "ಪರವಾಗಿಲ್ಲ ಕಣೋ, ಮನುಷ್ಯನ ಹತ್ತಿರ ಹತ್ತಿರ ಬಂದೆ. ಮುಂದಿನ ವರ್ಷ ಇಡೀ ಆಳನ್ನೇ ಎತ್ತಬಹುದು."

ಚಳಿಗಾಲದಲ್ಲಿ ನೇವಿಯೊ ಗುಡ್ಡದ ಮೇಲಿನ ಬೂಟಿನ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿಯುತ್ತಿದ್ದ. ವರ್ಷದಲ್ಲಿ ಏಳು ತಿಂಗಳು ಅಂಟಿನ ವಾಸನೆ, ನಾಲ್ಕು ತಿಂಗಳು ಬಿಸಿಲಿಗೆ ಎಣ್ಣೆ ಬಳಿದುಕೊಂಡ ಬೆನ್ನುಗಳ ವಾಸನೆ, ಉಳಿದೊಂದು ತಿಂಗಳು ಅಮ್ಮನ ಬೈಗುಳ. ಇಪ್ಪತ್ತೇಳು ವರ್ಷಕ್ಕೆ ಇಷ್ಟು ಸಾಧನೆ. ಕೆಂಪು ಬನಿಯನ್ನು ಹಾಕಿ ಕೊರಳಿಗೆ ಸೀಟಿ ತೂಗಿಸಿಕೊಂಡರೆ ಕನ್ನಡಿಯ ಮುಂದೆ ಅವನೇ ವೀರ. ಕನ್ನಡಿಯಲ್ಲಿ ಅಲೆ ಇರುವುದಿಲ್ಲವಲ್ಲ. ಲೈಫ್‌ಗಾರ್ಡ್ ಪರೀಕ್ಷೆ ಪಾಸಾಗಿದ್ದು ಬೆಚ್ಚನೆಯ ನೀರಿನ ಈಜುಕೊಳದಲ್ಲಿ, ಅದೂ ಖಾಲಿ ಹೊಟ್ಟೆಯಲ್ಲಿ.

ಹೊಟ್ಟೆಯ ಮಾತು ಸುಮ್ಮನೆ ಬರಲಿಲ್ಲ. ಪೋರ್ತೊ ಸಾನ್ ವಿಟಾಲೆ ಎಂಬ ಈ ಕಡಲೂರಿನಲ್ಲಿ ದೇವರನ್ನು ನಂಬದವರು ನಾಲ್ಕು ಜನ ಸಿಕ್ಕಾರು, ಆದರೆ ಉಂಡ ಮೇಲೆ ಮೂರು ಗಂಟೆ ನೀರಿಗಿಳಿಯಬಾರದು ಎನ್ನುವುದನ್ನು ನಂಬದವರು ಒಬ್ಬರೂ ಸಿಗರು. ಉಂಡವನ ರಕ್ತವೆಲ್ಲ ಹೊಟ್ಟೆಗೆ ಇಳಿದಿರುತ್ತದೆ. ತಣ್ಣೀರು ತಾಕಿದೊಡನೆ ಕರುಳು ಗಂಟುಬಿದ್ದು ಆಳು ಗುಂಡುಕಲ್ಲಿನಂತೆ ತಳ ಸೇರುತ್ತಾನೆ. ಹಾಗೆ ಸತ್ತವರ ಹೆಸರು ಕೇಳಿದರೆ, ಪಕ್ಕದ ಊರಿನವನೊಬ್ಬ ಎನ್ನುತ್ತಾರೆ. ಪಕ್ಕದ ಊರಿಗೆ ಹೋಗಿ ಕೇಳಿದರೆ ಈ ಊರಿನ ಕಡೆಗೆ ಕೈ ತೋರಿಸುತ್ತಾರೆ. ಅಂತೂ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕಡಲಲ್ಲಿ ನರಪಿಳ್ಳೆ ಇರುವುದಿಲ್ಲ. ಆ ಹೊತ್ತಿನಲ್ಲೂ ಒಬ್ಬ ಎತ್ತರದ ಕುರ್ಚಿಯಲ್ಲಿ ಕೂತಿರಬೇಕೆಂದು ಕಾಗದದಲ್ಲೇನೋ ಇದೆ. ಆದರೆ ಯಾರೂ ಇಳಿಯದ ನೀರನ್ನು ಕಾಯುವುದೆಂದರೆ ಬೀಗ ಹಾಕಿದ ಅಂಗಡಿಯ ಮುಂದೆ ಗಿರಾಕಿಗೆ ಕಾದಂತೆ. ನೇವಿಯೊ ಊಟಕ್ಕೆ ಹೋಗುತ್ತಿದ್ದ.

ಸೆಪ್ಟೆಂಬರಿನ ಎರಡನೆಯ ಭಾನುವಾರ ಬೆಳಗ್ಗೆ ಅವನು ಮಾಡಿದ ತಪ್ಪಿಗೆ ಕಾರಣ, ನಗಿಸುವ ಚಟ.

ದಂಡೆಯ ಹಿಂದಿನ ಬೀದಿಯಲ್ಲಿ ಹತ್ತು ಕೋಣೆಗಳ ಒಂದು ವಸತಿಗೃಹ. ನೇವಿಯೊನ ತಾಯಿ ದೆರ್ನಾ ಅಲ್ಲಿನ ಅಡುಗೆಯವಳು. ಏಳನೆಯ ಕೋಣೆಗೆ ಗುರುವಾರ ಬಂದಿಳಿದವರು ಲಿಬುಶೆ ಎಂಬ ಹೆಂಗಸು. ಪ್ರಾಗ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತರಾಗಿ, ಒಂದೇ ಚೀಲ ಹೆಗಲಿಗೆ ಹಾಕಿಕೊಂಡು ರೈಲಿನಲ್ಲಿ ಕಡಲಂಚಿನ ಊರುಗಳನ್ನು ಒಂದೊಂದಾಗಿ ನೋಡುತ್ತಾ ಬಂದಿದ್ದರು. ಇಲ್ಲಿನ ಭಾಷೆಯನ್ನು ಸಂಜೆ ತರಗತಿಯಲ್ಲಿ ಕಲಿತವರಾದ್ದರಿಂದ ಒಂದೊಂದೇ ಪದವನ್ನು ಮೊಟ್ಟೆ ಇಟ್ಟ ಹಾಗೆ ಜೋಪಾನವಾಗಿ ಇಡುತ್ತಿದ್ದರು.

"ಕಡಲಲ್ಲಿ ಯಾವಾಗ ಜನ ಕಡಿಮೆ?" ಎಂದು ಕಾಫಿ ಹೀರುತ್ತಾ ಕೇಳಿದರು.

"ಒಂದರಿಂದ ನಾಲ್ಕು ಗಂಟೆ, ಸಿನ್ಯೋರಾ. ಆಗ ಇಡೀ ಕಡಲು ನಿಮ್ದೇ. ನಮ್ಮೋರು ತಿಂದ್ಮೇಲೆ ನೀರು ಕಂಡ್ರೆ ಬೆಕ್ಕಿನ ಥರ ಓಡ್ತಾರೆ."

ಪಕ್ಕದ ಮೇಜಿನವರು ನಕ್ಕರು. ನೇವಿಯೊ ಇನ್ನಷ್ಟು ಉಬ್ಬಿದ.

"ನೀವು ಇರ್ತೀರಾ ಅಲ್ಲಿ?"

"ನಾನಲ್ದೆ ಇನ್ಯಾರು? ಕುರ್ಚಿಗೆ ಅಂಟ್ಕೊಂಡಿರ್ತೀನಿ. ಅಂಟಿಸೋದೇ ನನ್ನ ಕಸುಬು!"

ಅಷ್ಟಕ್ಕೇ ಬಿಡದೆ, ಯಾರೋ ಬಿಟ್ಟುಹೋಗಿದ್ದ ಹಳದಿ ಗಾಳಿಹಾಸಿಗೆಯನ್ನು ಉಗ್ರಾಣದಿಂದ ತಂದು, ಕಾಲಿನಿಂದ ಪಂಪು ತುಳಿದು ಊದಿಸಿಯೂ ಕೊಟ್ಟ. ಆಮೇಲೆ ಎಲ್ಲವನ್ನೂ ಮರೆತ.

ಮಧ್ಯಾಹ್ನ ಒಂದೂವರೆಗೆ ಅವನು ವಸತಿಗೃಹದ ಅಡುಗೆಮನೆಯಲ್ಲಿ ಕೂತು ವಿಂಚಿಸ್ಗ್ರಾಸ್ಸಿಯ ಎರಡನೆಯ ತುಂಡಿಗೆ ಕೈ ಹಾಕಿದ್ದ. ಭಾನುವಾರ ದೆರ್ನಾ ಅದನ್ನು ಹನ್ನೆರಡು ಪದರ ಮಾಡುತ್ತಿದ್ದಳು. ತೆಳು ಹಿಟ್ಟಿನ ಹಾಳೆಗಳ ನಡುವೆ ಕೋಳಿಯ ಈಲಿ, ಕೊಚ್ಚಿದ ಮಾಂಸ, ಚೀಸು. ಒಂದು ತುಂಡು ತಿಂದವನು ಮಲಗುತ್ತಾನೆ, ಎರಡು ತಿಂದವನನ್ನು ಮಲಗಿಸಬೇಕಾಗುತ್ತದೆ.

ಕಡಲ ಕಡೆಯ ಬಾಗಿಲಿಗೆ ನೊಣ ಬಾರದಂತೆ ಮಣಿಸರಗಳ ಪರದೆ ಇತ್ತು. ಬೇಸಿಗೆಯ ಎಲ್ಲ ಮಧ್ಯಾಹ್ನಗಳಲ್ಲೂ ಕಡಲಗಾಳಿಗೆ ಆ ಸರಗಳು ಒಳಕ್ಕೆ ತೂಗುತ್ತವೆ. ನೇವಿಯೊ ಬಾಯಲ್ಲಿ ತುತ್ತಿಟ್ಟುಕೊಂಡು ತಲೆ ಎತ್ತಿದಾಗ ಅವು ಹೊರಕ್ಕೆ ತೂಗುತ್ತಿದ್ದವು.

"ಅಯ್ಯೋ, ಗರ್ಬೀನೊ ಶುರುವಾಯ್ತು," ಎಂದಳು ದೆರ್ನಾ, ಬೆವೆತ ಕೊರಳನ್ನು ಒರೆಸುವ ಬಟ್ಟೆಯಿಂದ ಉಜ್ಜಿಕೊಳ್ಳುತ್ತಾ. "ಇನ್ನು ಸಾಯಂಕಾಲದ ತನಕ ಎಲ್ರಿಗೂ ತಲೆ ಕೆಡುತ್ತೆ."

ಗರ್ಬೀನೊ ಬೆಟ್ಟದಿಂದ ಇಳಿದು ಕಡಲಿಗೆ ಬೀಸುವ ಬಿಸಿಗಾಳಿ. ಅದು ಬೀಸಿದಾಗ ದಂಡೆಯ ನೀರು ತಟ್ಟೆಯಲ್ಲಿಟ್ಟ ಎಣ್ಣೆಯಂತೆ ನಿಂತಿರುತ್ತದೆ. ನೋಡಿದವನಿಗೆ ಇಷ್ಟು ಸಾಧು ಕಡಲು ಇನ್ನೊಂದಿಲ್ಲ ಅನ್ನಿಸಬೇಕು. ತೇಲುವ ವಸ್ತುವನ್ನು ಮಾತ್ರ ಅದು ಸದ್ದಿಲ್ಲದೆ ಆಚೆ ದಡಕ್ಕೆ ಕಳಿಸಿಕೊಡುತ್ತದೆ. ತೇಲುವ ವಸ್ತು ಎಂದರೆ ಚೆಂಡು. ಅಥವಾ ಗಾಳಿಹಾಸಿಗೆ.

ನೇವಿಯೊನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅಮ್ಮ, ಏಳನೇ ಕೋಣೆಯವ್ರು ಊಟಕ್ಕೆ ಬಂದ್ರಾ?"

"ಎಲ್ಲಿ ಬಂದ್ಲು! ಒಂದು ಪೀಚ್ ಹಣ್ಣು ಕೈಲಿ ಹಿಡ್ಕೊಂಡು, ಆ ಹಳದಿ ಹಾಸಿಗೆ ಕಂಕುಳಲ್ಲಿ ಇಟ್ಕೊಂಡು ಹೋದ್ಲು. ಈ ಹೊತ್ನಲ್ಲಿ ಯಾರು ಕಡಲಿಗೆ ಹೋಗ್ತಾರೆ, ಬಿಸಿಲು ಕಾಯಿಸ್ಕೊಳ್ಳೋಕೆ ಇರ್ಬೇಕು ಅಂದ್ಕೊಂಡೆ. ಯಾಕೋ? ಏಯ್, ತಿಂದು ಏಳೋ!"

ಮಣಿಸರಗಳು ಅವನ ಮುಖಕ್ಕೆ ಬಡಿದವು. ದಂಡೆಯಲ್ಲಿ ಛತ್ರಿಗಳ ಜಾಲರಿಗಳೆಲ್ಲ ಕಡಲ ಕಡೆಗೇ ಪಟಪಟಿಸುತ್ತಿದ್ದವು. ನೆರಳಿನಲ್ಲಿ ಜನ ಉಂಡು ಮಲಗಿದ್ದರು; ಒಬ್ಬರ ಮುಖವೂ ನೀರಿನ ಕಡೆಗಿರಲಿಲ್ಲ. ಯಾರೂ ಇರದ ನೀರನ್ನು ನೋಡುವುದೇನು? ಅವನ ಎತ್ತರದ ಕುರ್ಚಿ ಖಾಲಿಯಾಗಿ ನಿಂತಿತ್ತು, ಅದರ ಬೆನ್ನಿಗೆ ಜೀವ ಉಳಿಸುವ ಬಿಳಿ ಟ್ಯೂಬು ತೂಗುತ್ತಿತ್ತು. ನೀರು ನುಣ್ಣಗೆ. ನೂರೈವತ್ತು ಮೀಟರ್ ಆಚೆ, ಅಲೆ ತಡೆಯಲು ಹಾಕಿದ ಬಂಡೆಗಳ ಸಾಲು. ಸಾಲಿನ ನಡುವೆ ಒಂದು ಕಂಡಿ. ಕಂಡಿಯ ಆಚೆ, ಉಗುರಿನಷ್ಟು ಹಳದಿ.

ಅವನು ಸೀಟಿ ಊದಲಿಲ್ಲ. ಊದಬೇಕೆಂದು ಹೊಳೆಯಲೂ ಇಲ್ಲ. ಕುರ್ಚಿಯ ಪಕ್ಕದಲ್ಲಿದ್ದ, ಎರಡು ತಳಗಳನ್ನು ಹಲಗೆಯಿಂದ ಜೋಡಿಸಿದ ಕೆಂಪು ದೋಣಿಯನ್ನು ಮರಳಿನ ಮೇಲೆ ಎಳೆಯತೊಡಗಿದ. ಚಪ್ಪರದ ಕೆಳಗೆ ಇಸ್ಪೀಟು ಹಿಡಿದು ಕೂತಿದ್ದ ಸೆಕೊಂದೊ ಕೂಗಿದ:

"ಏನೋ ನೇವಿಯೊ, ಇನ್ಯಾರ ಹಲ್ಲು ಬಿತ್ತೋ?"

ನೇವಿಯೊ ಎಳೆಯುತ್ತಲೇ ಇದ್ದಾಗ ಮುದುಕ ಕಡಲ ಕಡೆ ತಿರುಗಿದ. ಎಲೆಗಳನ್ನು ಮಗುಚಿ ಇಡದೆ ಹಾಗೇ ಎಸೆದು ಓಡಿಬಂದು ದೋಣಿಗೆ ಭುಜ ಕೊಟ್ಟ.

"ಕೇಳು. ಹೋಗೋವಾಗ ಗಾಳಿನೇ ನಿನ್ನ ಒಯ್ಯುತ್ತೆ, ತೋಳು ಉಳಿಸ್ಕೋ. ಬರೋವಾಗ ನೇರ ಬರಬೇಡ, ಬಂಡೆ ಮರೆ ಹಿಡ್ಕೊಂಡು ಬಾ. ನಾನು ಬಂದರಿಗೆ ಫೋನ್ ಮಾಡ್ತೀನಿ. ಅವ್ರು ಬರೋಕೆ ಅರ್ಧ ಗಂಟೆ ಬೇಕು. ಅರ್ಧ ಗಂಟೆ ಆ ಹೆಂಗಸಿನ ಹತ್ರ ಇಲ್ಲ."

ಅಷ್ಟರಲ್ಲಿ ಒರೆಸುವ ಬಟ್ಟೆ ಬೀಸುತ್ತಾ ದೆರ್ನಾ ಓಡಿಬಂದಳು. "ನೇವಿಯೊ! ಈಗ ತಾನೇ ಉಂಡಿದ್ದೀಯಲ್ಲೋ! ನೀರಿಗೆ ಇಳೀಬೇಡ್ವೋ!"

ಆ ಕೂಗಿಗೆ ಇಡೀ ದಂಡೆ ಎದ್ದು ಕೂತಿತು. ಹೆಂಗಸು ಕೊಚ್ಚಿಹೋಗುತ್ತಿದ್ದಾಳೆಂದರೂ ಹೀಗೆ ಏಳುತ್ತಿರಲಿಲ್ಲ.

"ಏನಂತೆ?" "ಹುಡುಗ ಉಂಡಿದ್ದಾನಂತೆ!" "ಎಷ್ಟು ಹೊತ್ತಾಯ್ತಂತೆ?" "ಹತ್ತು ನಿಮಿಷ!" "ಅಯ್ಯೋ ಮಡೊನ್ನಾ!"

ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗೆ, ಮುಖ ಬಿಟ್ಟುಬಂದ ದಿಕ್ಕಿಗೆ. ಆದ್ದರಿಂದ ನೇವಿಯೊನಿಗೆ ಕಾಣುತ್ತಿದ್ದುದು ಮುಳುಗುವವರಲ್ಲ, ಎದೆ ಬಡಿದುಕೊಳ್ಳುತ್ತಿದ್ದ ಅಮ್ಮ. ನಾಲ್ಕು ಎಳೆತಕ್ಕೊಮ್ಮೆ ಕತ್ತು ತಿರುಗಿಸಿ ನೋಡಿದ. ಮೊದಲ ಸಲ ಹಳದಿಯ ಮೇಲೊಂದು ತಲೆ ಇತ್ತು. ಎರಡನೆಯ ಸಲವೂ ಇತ್ತು. ಕಂಡಿ ದಾಟಿದ. ಬಂಡೆಯಾಚೆ ಕಡಲಿನ ಮುಖವೇ ಬೇರೆ. ಗಿಡ್ಡ ಗಿಡ್ಡ ಅಲೆಗಳು ಒಂದರ ಮೈಮೇಲೊಂದು ಬೀಳುತ್ತಿದ್ದವು. ಮತ್ತೆ ತಿರುಗಿದ. ಹಳದಿ ಹಾಸಿಗೆ ಖಾಲಿಯಾಗಿ, ಅಲೆಯಿಂದ ಅಲೆಗೆ ನೆಗೆಯುತ್ತಾ ಕಡಲಾಚೆಯ ಕ್ರೊಯೇಷಿಯಾದ ಕಡೆಗೆ ಓಡುತ್ತಿತ್ತು.

ತಲೆ ಎಲ್ಲಿ?

ಅವನು ಎದ್ದು ನಿಂತ. ನೀರು, ನೀರು, ಬಿಳಿ ನೊರೆ. ನೊರೆ ಅಂದುಕೊಂಡಿದ್ದು ಎಡಗಡೆ ಒಮ್ಮೆ ಕಣ್ಣು ಬಿಟ್ಟಿತು: ನರೆಗೂದಲು.

ಹತ್ತಿರ ಹೋಗಿ ಟ್ಯೂಬಿಗೆ ಕೈ ಚಾಚಿದಾಗಲೇ ನೆನಪಾದದ್ದು, ಅದು ಕುರ್ಚಿಯ ಬೆನ್ನಿಗೆ ತೂಗುತ್ತಿದೆ. ದೋಣಿಯಲ್ಲಿದ್ದುದು ಹುಟ್ಟು, ಹಗ್ಗ ಮತ್ತು ಅವನು. ಹುಟ್ಟನ್ನು ಚಾಚಿದ. ಲಿಬುಶೆ ಹಿಡಿದರು, ಬೆರಳುಗಳಿಗೆ ಬಿಸಿಲಿನ ಎಣ್ಣೆ, ಜಾರಿತು. ಮುಳುಗಿ ಎದ್ದರು. ದೋಣಿ ಹಗುರ, ಗಾಳಿ ಅದನ್ನು ಅವರಿಗಿಂತ ಬೇಗ ಒಯ್ಯುತ್ತಿತ್ತು. ಒಂದು ಮಾರು ಇದ್ದ ಅಂತರ ಮೂರಾಯಿತು, ಐದಾಯಿತು. ಅವರು ಕೂಗಲಿಲ್ಲ. ಸುಮ್ಮನೆ ಅವನನ್ನೇ ನೋಡಿದರು. ನೀರು ಬಾಯಿಯವರೆಗೆ ಬಂದಿತ್ತು.

ನೇವಿಯೊ ಬೆಳಗ್ಗೆ ಯಾವುದನ್ನು ಹೇಳಿ ನಾಲ್ಕು ಜನರನ್ನು ನಗಿಸಿದ್ದನೋ ಅದನ್ನೇ ಈಗ ಒಳಗೊಳಗೆ ಪೂರ್ತಿಯಾಗಿ ನಂಬಿ ನಿಂತಿದ್ದ. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಉಂಡು ನೀರಿಗೆ ಇಳಿದವನಲ್ಲ. ಹನ್ನೆರಡು ಪದರ ಎರಡು ಸಲ ಹೊಟ್ಟೆಯಲ್ಲಿ ಕೂತಿತ್ತು. ಇಳಿದರೆ ಕರುಳು ಗಂಟಾಗಿ ಇಬ್ಬರೂ ಹೋಗುತ್ತಾರೆ. ಇಳಿಯದಿದ್ದರೆ ಒಬ್ಬರೇ. ಈ ಲೆಕ್ಕ ಹಾಕುತ್ತಾ ಅವನು ಎಷ್ಟು ಹೊತ್ತು ನಿಂತಿದ್ದನೆಂದು ಆಮೇಲೆ ಯಾರಿಗೂ ಹೇಳಲಿಲ್ಲ. ಲೆಕ್ಕ ಮುಗಿಯುವ ಮುಂಚೆ ಇನ್ನೊಮ್ಮೆ ಆ ತಲೆ ಕಾಣದಾಯಿತು.

ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದು, ಶಿಲುಬೆಯ ಗುರುತು ಮಾಡಿಕೊಂಡು ಹಾರಿದ.

ನೀರು ಕಿವಿ ತುಂಬಿತು. ಕರುಳು ಈಗ ಗಂಟಾಗುತ್ತದೆ ಎಂದು ಕಾದ. ಬಂದದ್ದು ಒಂದು ತೇಗು, ಈಲಿಯದು. ಕೈಗೆ ಕೂದಲು ಸಿಕ್ಕಿತು, ಆಮೇಲೆ ಕಂಕುಳು. ಹಗ್ಗ ಹಿಡಿದು ದೋಣಿಯನ್ನು ಎಳೆದನೋ ದೋಣಿಯೇ ಅವನನ್ನು ಎಳೆಯಿತೋ, ಅಂತೂ ಎರಡು ತಳಗಳ ನಡುವಿನ ಹಲಗೆಯ ಮೇಲೆ ಅವರನ್ನು ಮೂಟೆಯಂತೆ ದೂಡಿ ತಾನೂ ಹತ್ತಿ ಬಿದ್ದ. ಅವರು ಮಗ್ಗುಲಾಗಿ ಕಡಲನ್ನೆಲ್ಲ ಕಕ್ಕಿದರು. ನರ್ಸ್ ಅಲ್ಲವೇ, ಹೇಗೆ ಮಗ್ಗುಲಾಗಬೇಕೆಂದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ದಂಡೆ ಈಗ ಬಣ್ಣದ ಗೀರಿನಷ್ಟು ದೂರ. ಗಾಳಿ ಎದುರು. ಹತ್ತು ಎಳೆದರೆ ಮೂರು ಮುಂದೆ, ಉಸಿರು ತೆಗೆದುಕೊಂಡರೆ ಎರಡು ಹಿಂದೆ. ಅಂಗೈ ಬೊಬ್ಬೆಯೆದ್ದು ಒಡೆಯಿತು.

"ಒಂದು ಹುಟ್ಟು ನನಗೆ ಕೊಡಿ," ಎಂದರು ಲಿಬುಶೆ.

"ಬೇಡ ಸಿನ್ಯೋರಾ, ಮಲಗಿ."

"ಮೂವತ್ತೈದು ವರ್ಷ ರೋಗಿ ಎತ್ತಿದ ಕೈ. ಕೊಡಿ."

ಪಕ್ಕದಲ್ಲಿ ಕೂತು ಎಳೆಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, ಪದ ಪದ ಬಿಡಿಸಿ ಹೇಳಿದರು:

"ಬೆಳಗ್ಗೆ ಕೇಳಿದೆ. ಇರ್ತೀನಿ ಅಂದ್ರಿ. ನಾನು ಮೂರು ಸಲ ತಿರುಗಿ ನೋಡಿದೆ. ಕುರ್ಚಿ ಇತ್ತು."

"ಊಟಕ್ಕೆ ಹೋಗಿದ್ದೆ."

"ಗೊತ್ತು. ವಾಸನೆ ಬರ್ತಿದೆ."

ಬಂಡೆಯ ಮರೆಗೆ ಸೇರುವವರೆಗೆ ಇಬ್ಬರೂ ಹುಟ್ಟು ಎಳೆದರು. ಬಂದರಿನ ದೋಣಿ ಬಂದಾಗ ಅವರು ಕಂಡಿ ದಾಟಿ ಒಳಗಾಗಿದ್ದರು.

ದಂಡೆಗೆ ತಾಗಿದಾಗ ಸೆಕೊಂದೊ ಒಬ್ಬನೇ ಲಿಬುಶೆಗೆ ಕಂಬಳಿ ಹೊದಿಸಿದ. ಉಳಿದವರೆಲ್ಲ ನೇವಿಯೊನನ್ನು ಸಮಾಧಿಯಿಂದ ಎದ್ದುಬಂದವನಂತೆ ಮುತ್ತಿದರು. ದೆರ್ನಾ ಅವನ ಹೊಟ್ಟೆಯನ್ನು ಕಲ್ಲಂಗಡಿ ಪರೀಕ್ಷಿಸಿದಂತೆ ಒತ್ತಿ ಒತ್ತಿ ನೋಡಿದಳು.

"ನೋವಿದೆಯೇನೋ? ಗಟ್ಟಿಯಾಗಿದೆಯಾ? ಸದ್ಯ, ಮೂರನೇ ತುಂಡು ಹಾಕಿರಲಿಲ್ಲ!"

"ಆ ಸಿನ್ಯೋರಾ ಏನು ತಿಂದಿದ್ರಂತೆ?" ಎಂದರು ಯಾರೋ.

"ಒಂದು ಪೀಚ್!"

"ನೋಡಿ ಮತ್ತೆ! ಪೀಚ್ ತಿಂದು ಇಳಿದ್ರೆ ಇನ್ನೇನಾಗುತ್ತೆ?"

ತೀರ್ಪು ಒಂದೇ ಕ್ಷಣದಲ್ಲಿ ದಂಡೆಯ ಉದ್ದಕ್ಕೂ ಹರಡಿತು. ಅಪರಾಧಿ ಪೀಚ್. ಲೈಫ್‌ಗಾರ್ಡ್ ಎಲ್ಲಿದ್ದ ಎಂದು ಒಬ್ಬರೂ ಕೇಳಲಿಲ್ಲ. ನೇವಿಯೊ ಸುಮ್ಮನೆ ಹಲ್ಲು ಕಿರಿದು ನಿಂತಿದ್ದರೆ ಸಾಕಿತ್ತು, ಮೀಸೆ ಮರಳಾಗುತ್ತಿರಲಿಲ್ಲ. ಮುಂದಿನ ಬೇಸಿಗೆಯವರೆಗೆ ಊರಿನ ವೀರ ಅವನೇ. ಅವನಿಗೆ ಆಸೆಯೂ ಆಯಿತು. ಆದರೆ ಲಿಬುಶೆ ಕಂಬಳಿಯೊಳಗಿಂದ ಆ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು.

"ಪೀಚ್ ಅಲ್ಲ," ಎಂದ. "ಈ ಹೊತ್ನಲ್ಲಿ ಇಳೀರಿ ಅಂತ ನಾನೇ ಹೇಳಿದ್ದು. ಕಾಯ್ತೀನಿ ಅಂತಾನೂ ಹೇಳಿದ್ದೆ. ಹೋಗಿ ಉಣ್ತಾ ಕೂತಿದ್ದೆ."

ದೆರ್ನಾ ಒರೆಸುವ ಬಟ್ಟೆಯನ್ನು ಹಿಂಡಿದಳು, ಅದು ಒಣಗಿತ್ತು.

ಸೆಕೊಂದೊ ಹಲ್ಲಿನ ಸೆಟ್ಟನ್ನು ನಾಲಗೆಯಿಂದ ಸರಿಪಡಿಸಿಕೊಂಡ. "ಮೂವತ್ತೆಂಟು ಬೇಸಿಗೆ ನಾನೂ ಉಂಡೆ ಕಣೋ," ಎಂದ. "ಈ ಹೊತ್ತಲ್ಲಿ ಯಾರೂ ಇಳೀಲಿಲ್ಲ, ಅಷ್ಟೇ." ಮತ್ತೆ ಚಪ್ಪರದ ಕಡೆ ಹೋದ. ಇಸ್ಪೀಟಿಗೆ ಕೂರಲಿಲ್ಲ.

ಮರುದಿನ ಒಂದು ಗಂಟೆಗೆ ಕಡಲು ಎಂದಿನಂತೆ ಖಾಲಿಯಾಯಿತು. ಬಟ್ಟೆ ಸುತ್ತಿದ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇವಿಯೊ ಎತ್ತರದ ಕುರ್ಚಿಯಲ್ಲಿ ಕೂತಿದ್ದ. ಮನೆಗೆ ಹೋಗುತ್ತಿದ್ದವರು, "ಏನಪ್ಪ, ಮೀನು ಎಣಿಸ್ತಿದ್ದೀಯಾ?" ಎಂದು ಕೇಳಿ ಹೋದರು. ದೆರ್ನಾ ಮುಚ್ಚಿದ ತಟ್ಟೆಯೊಂದನ್ನು ತಂದು ಕುರ್ಚಿಯ ಕೆಳಗಿನ ಮೆಟ್ಟಿಲಿನ ಮೇಲಿಟ್ಟು ತಿರುಗಿ ಹೋದಳು. ನಿನ್ನೆಯ ಉಳಿಕೆ. ವಾಸನೆ ಮೇಲಕ್ಕೇ ಬರುತ್ತಿತ್ತು. ನಾಲ್ಕು ಗಂಟೆಯವರೆಗೆ ಮುಟ್ಟುವಂತಿಲ್ಲ ಎಂದು ತನಗೆ ತಾನೇ ಹಾಕಿಕೊಂಡ ನಿಯಮವನ್ನು ಅವನು ಒಂದೂಕಾಲಕ್ಕೇ ಶಪಿಸತೊಡಗಿದ್ದ.

ಒಂದೂವರೆಗೆ ಲಿಬುಶೆ ಬಂದರು. ಹಾಸಿಗೆಯಿಲ್ಲ, ಬರಿಗೈ. ಅವನ ಕಡೆ ನೋಡದೆ ನೇರ ನೀರಿಗೆ ನಡೆದರು. ಮೊಣಕಾಲಿನ ನೀರಿನಲ್ಲಿ ನಿಂತು ತಿರುಗಿ ನೋಡಿದರು. ನೇವಿಯೊ ಕೈ ಎತ್ತಿದ. ಸೊಂಟದ ನೀರಿನಲ್ಲಿ ಮತ್ತೆ ತಿರುಗಿದರು. ಅವನು ಮತ್ತೆ ಎತ್ತಿದ, ಈ ಸಲ ಟ್ಯೂಬನ್ನೂ ಸೇರಿಸಿ.

ಅವರು ಈಜತೊಡಗಿದರು, ದಂಡೆಯ ಗುಂಟ, ನಿಧಾನವಾಗಿ. ಅವನು ಮೂರನೆಯ ಸಲಕ್ಕೆಂದು ಕೈ ಸಿದ್ಧ ಮಾಡಿಕೊಂಡೇ ಕೂತಿದ್ದ. ಅವರು ತಿರುಗಿ ನೋಡಲಿಲ್ಲ.